ಬಚ್ಚಲುಮನೆಗೆ ಬಂದ ಮಹಾಯುದ್ಧ

ರಾಜಾಜಿನಗರಕ್ಕೆ ಯುದ್ಧ ಯಾವತ್ತು ಬಂದಿತ್ತು ಸ್ವಾಮಿ ಎಂದು ನಗುವವರನ್ನು, ಬೆಳಿಗ್ಗೆ ಯಾವ ಸೋಪು ಹಚ್ಚಿಕೊಂಡಿರಿ ಎಂದು ಕೇಳಬೇಕು. ಮೈಸೂರು ಸ್ಯಾಂಡಲ್ ಎಂದರೆ ಯುದ್ಧ ಅವರ ಬಚ್ಚಲಿನಲ್ಲೇ ಇದೆ. ಮೆಟ್ರೋದಲ್ಲಿ ರಾಜಾಜಿನಗರ, ಮಹಾಲಕ್ಷ್ಮಿ ದಾಟಿದರೆ ಮುಂದಿನ ನಿಲ್ದಾಣಕ್ಕೆ ಆ ಸೋಪ್ ಫ್ಯಾಕ್ಟರಿಯದೇ ಹೆಸರು. ಕಾರ್ಖಾನೆ 1957ರಲ್ಲಿ ಈ ಕಡೆಗೆ ಬಂತು. ಗಾಳಿ ನಮ್ಮ ಕಡೆ ಬೀಸಿದ ದಿನ ಗಂಧದ ಘಮಲು ಬರುತ್ತಿತ್ತು. ಈಗ ಡೀಸೆಲ್ ಹೊಗೆಯನ್ನು ಗೆದ್ದು ಬರುವಷ್ಟು ಶಕ್ತಿ ಅದಕ್ಕಿಲ್ಲ.

ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದಲೂ ಗಂಧದ ಮರ ಸರ್ಕಾರದ ಸ್ವತ್ತಾಗಿತ್ತು. ರೈತನ ಹಿತ್ತಿಲಲ್ಲಿ ಬೆಳೆದರೂ ರೈತನದಾಗಿರಲಿಲ್ಲ. ಕಡಿದ ಕೊರಡನ್ನು ಗಂಧದ ಕೋಠಿಗೆ ಸಾಗಿಸಿ ಹರಾಜು ಹಾಕುತ್ತಿದ್ದರು. ಬಹುಪಾಲು ಯುರೋಪಿಗೆ ಹಡಗು ಹತ್ತುತ್ತಿತ್ತು. ಅದರಿಂದ ಎಣ್ಣೆ ಇಳಿಸುವುದರಲ್ಲಿ ಜರ್ಮನಿಯವರು ಪಳಗಿದ ಕೈ. 1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾದದ್ದೇ ತಡ, ನಮ್ಮ ಗಿರಾಕಿಯೇ ನಮ್ಮ ಶತ್ರು ಎಂದಾಯಿತು. ಕೋಠಿಗಳಲ್ಲಿ ಗಂಧ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ, ಎಣ್ಣೆಯನ್ನು ನಾವೇ ಇಳಿಸಿದರಾಯಿತು ಎಂದುಕೊಂಡರು. ಕೈಗಾರಿಕೆ ಇಲಾಖೆಯ ಆಲ್‌ಫ್ರೆಡ್ ಚಾಟರ್ಟನ್ ಬೆನ್ನಿಗೆ ನಿಂತರು. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಮಂದಿರದ ಸಡ್‌ಬರೋ, ವಾಟ್ಸನ್ ಎಂಬಿಬ್ಬರು ಬಟ್ಟಿ ಇಳಿಸುವ ಕ್ರಮ ಹೊಂದಿಸಿಕೊಟ್ಟರು. 1916ರಲ್ಲಿ ಎಣ್ಣೆ ಬಂತು. ಎಸ್.ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದರು. 1918ರಲ್ಲಿ ಸೋಪಿನ ಕಾರ್ಖಾನೆಯೂ ಆಯಿತು.

ನಮ್ಮಮ್ಮ ಆ ಸೋಪಿನ ಖಾಲಿ ಡಬ್ಬಿಯನ್ನು ಎಸೆದವಳಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದಳು. ಸವೆದು ಉಗುರಿನಷ್ಟಾದ ಚೂರನ್ನು ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸುತ್ತಿದ್ದಳು. ಡಬ್ಬಿಯ ಮೇಲಿನ ಆನೆ ಸೊಂಡಿಲಿನ ಸಿಂಹ ಶರಭ ಎಂದು ನನಗೆ ಹೇಳಿಕೊಟ್ಟವಳೂ ಅವಳೇ. ಜರ್ಮನಿಯ ಕೈಸರನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

ಈ ಕಥೆ ನಮಗೆ ಬಲು ಇಷ್ಟ. ಮುಚ್ಚಿದ ಬಾಗಿಲೇ ದಾರಿ ತೋರಿಸಿತು, ವಿಶ್ವೇಶ್ವರಯ್ಯನವರ ದೂರದೃಷ್ಟಿ ನೋಡಿ, ಇತ್ಯಾದಿ. ಸುಳ್ಳಲ್ಲ. ಆದರೆ ಅದೇ ಯುದ್ಧಕ್ಕೆ ಮಹಾರಾಜರು 50 ಲಕ್ಷ ರೂಪಾಯಿ ಕೊಟ್ಟದ್ದನ್ನು ಸೋಪಿನ ಪಕ್ಕದಲ್ಲಿ ಯಾರೂ ಇಡುವುದಿಲ್ಲ. ಆ ದುಡ್ಡು ರಾಗಿ ಬೆಳೆದವರ ಕಂದಾಯದಿಂದಲೂ ಬಂದದ್ದು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1914ರಲ್ಲೇ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು, ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು, ಸೋಪಿನ ಕಾರ್ಖಾನೆ ಆದ ವರ್ಷವೇ, ಜೋಧಪುರದವರ ಜೊತೆ, ತುರ್ಕರ ಕೈಯಲ್ಲಿದ್ದ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟಿತು. ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಹೋದವರಲ್ಲಿ ನಮ್ಮವರಿದ್ದರು. ಅವರ ಸ್ಮಾರಕ ಜೆ.ಸಿ. ನಗರದಲ್ಲಿದೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವನದು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾವನ್ನೂ ಸೇರಿಸಿದರು. ತುರ್ಕಿಯ ಸುಲ್ತಾನನ ಜೊತೆ ನಿಮಗೇನಪ್ಪಾ ಜಗಳ ಎಂದು ಆ ಸವಾರರನ್ನು ಕೇಳಿದ್ದರೆ ಏನೆನ್ನುತ್ತಿದ್ದರು? ಲಂಡನ್ನಿನಲ್ಲಿ ತೀರ್ಮಾನವಾಯಿತು, ಮೈಸೂರಿನಲ್ಲಿ ಜೀನು ಬಿಗಿದರು.

ಎರಡನೆಯ ಸಲವೂ ಅಷ್ಟೆ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿನ ಒಬ್ಬ ನಾಯಕನನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಎಂದು ಸಾರಿಬಿಟ್ಟ. ಆ ಘೋಷಣೆ ಕೆಂಗೇರಿ ಹತ್ತಿರದ ನಮ್ಮಜ್ಜಿಯ ಊರಿಗೆ ಬಂದದ್ದು ಮೂರು ವರ್ಷ ತಡವಾಗಿ, ಅಮಲ್ದಾರರ ಕಡೆಯವರ ರೂಪದಲ್ಲಿ. 1942ರಲ್ಲಿ ಬರ್ಮಾ ಜಪಾನಿನ ಪಾಲಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಪೇಟೆಗೆ ರೇಷನ್, ಹಳ್ಳಿಗೆ ಕಡ್ಡಾಯ ಧಾನ್ಯದ ಲೆವಿ. ಅಜ್ಜಿಯ ಮಾವ ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿ ಮುಚ್ಚಿ, ಮೇಲೆ ಸಗಣಿ ಸಾರಿಸಿ, ದನ ಕಟ್ಟಿಬಿಟ್ಟಿದ್ದರಂತೆ. ಬಂದವರು ಹಾರೆಯಿಂದ ಕೊಟ್ಟಿಗೆಯ ನೆಲವನ್ನು ಅಲ್ಲಲ್ಲಿ ಕುಟ್ಟಿದರು. ಗಟ್ಟಿ ನೆಲ ದಪ್ ದಪ್ ಅಂದರೆ ಟೊಳ್ಳು ನೆಲ ಬೇರೆಯೇ ದನಿ ಕೊಡುತ್ತದೆ. ಸಿಕ್ಕಿಬಿತ್ತು. "ಅದೆಲ್ಲೋ ಜಪಾನಿನೋನು ಬಂದ್ನಂತೆ, ನಮ್ ಹಗೇವು ಬರಿದಾಯ್ತು ಕಣಪ್ಪಾ," ಎನ್ನುತ್ತಿದ್ದಳು ಅಜ್ಜಿ. ಬರ್ಮಾ ಯಾವ ದಿಕ್ಕಿನಲ್ಲಿದೆ ಎಂದು ಸಾಯುವ ತನಕ ಅವಳಿಗೆ ಗೊತ್ತಿರಲಿಲ್ಲ.

ಪೇಟೆಯವರು ಹೇಗೋ ದಾರಿ ಮಾಡಿಕೊಂಡರು. ಅಕ್ಕಿ ಸಿಗದ ಆ ದಿನಗಳಲ್ಲೇ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಇಂದು ಬಸವೇಶ್ವರನಗರದ ದರ್ಶಿನಿಯಲ್ಲಿ ಗೋಡಂಬಿ ಕೂರಿಸಿದ ರವೆ ಇಡ್ಲಿಗೆ ಸಾಗು ಹಾಕಿಸಿಕೊಂಡು ತಿನ್ನುವಾಗ ಇದು ಬರದ ತಿಂಡಿ ಅನ್ನಿಸುವುದೇ ಇಲ್ಲ. ರೇಷನ್ ಅಂಗಡಿಯೂ ಹಾಗೆಯೇ. ಯುದ್ಧ ಮುಗಿದರೂ ಅದು ಮುಗಿಯಲಿಲ್ಲ, ಕಾರ್ಡಿನ ಬಣ್ಣ ಬದಲಾಯಿತು ಅಷ್ಟೆ.

ಆಮೇಲಿನ ಕಾಲದಲ್ಲಿ ಪರರ ಯುದ್ಧಕ್ಕೆ ನಮ್ಮನ್ನು ತಳ್ಳಲು ವೈಸರಾಯ್ ಇರಲಿಲ್ಲ. ನಾವೇ ಹೋದೆವು. 1987ರ ಜುಲೈ 29ರಂದು ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಒಪ್ಪಂದವಾಯಿತು. ಶಾಂತಿ ಕಾಯಲೆಂದು ಹೋದ ಸೇನೆ ಮೂರು ತಿಂಗಳೊಳಗೆ ಅಲ್ಲಿನ ತಮಿಳು ಬಂಡುಕೋರ ಪಡೆ ಎಲ್‌ಟಿಟಿಇ ಜೊತೆ ಕಾದಾಡುತ್ತಿತ್ತು. 1990ರ ಮಾರ್ಚಿನಲ್ಲಿ ಹಿಂದಿರುಗುವ ಹೊತ್ತಿಗೆ ಸುಮಾರು 1,200 ಸೈನಿಕರು ಸತ್ತಿದ್ದರು. ಅದರ ಸೇಡಿಗೆ ರಾಜೀವ್ ಗಾಂಧಿ ಬಲಿಯಾದರು. ಕೊಂದವರು ಕೊನೆಗೆ ಅಡಗಿದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ, ಒಂದು ಬಾಡಿಗೆ ಮನೆಯಲ್ಲಿ. 1991ರ ಆಗಸ್ಟಿನಲ್ಲಿ ಪೊಲೀಸರು ಆ ಮನೆಯನ್ನು ಸುತ್ತುವರಿದರು.

ವಿಜಯನಗರದ ನಮ್ಮ ಮನೆಯ ಮಹಡಿ ಆಗ ಖಾಲಿ ಇತ್ತು. ಅಲ್ಲಿಯ ತನಕ ಅಪ್ಪ ಬಾಡಿಗೆಗೆ ಬಂದವರನ್ನು ಕೇಳುತ್ತಿದ್ದದ್ದು ಎರಡೇ: ಯಾವ ಫ್ಯಾಕ್ಟರಿ, ಎಷ್ಟು ಜನ. ಆ ತಿಂಗಳಿನಿಂದ ಪ್ರಶ್ನೆಗಳು ಉದ್ದವಾದವು. ಸ್ವಂತ ಊರು ಯಾವುದು, ಹಿಂದೆ ಯಾವ ಮನೆಯಲ್ಲಿದ್ದಿರಿ, ಆಫೀಸಿನ ಕಾಗದ ಇದೆಯಾ. ಬಿನ್ನಿ ಮಿಲ್ಲಿನಲ್ಲಿ ಅಪ್ಪನಿಗಿಂತ ಹಳಬರಾಗಿದ್ದ ತಮಿಳರೊಬ್ಬರು ಮನೆ ಕೇಳಿಕೊಂಡು ಬಂದು, ನಡುಮನೆಯಲ್ಲಿ ಕೂತು ಕಾಫಿ ಕುಡಿದರು. "ಮಗ ಬರ್ತಾನೆ ಅಂತಿದಾನೆ, ಅವನಿಗೇ ಬೇಕಾಗ್ಬಹುದು," ಎಂದ ಅಪ್ಪ. ಅಪ್ಪನಿಗಿದ್ದದ್ದು ನಾನೊಬ್ಬನೇ ಮಗ, ನಾನು ಅಲ್ಲೇ ಲೋಟ ಎತ್ತುತ್ತಿದ್ದೆ. ಅವರು ನನ್ನನ್ನೊಮ್ಮೆ ನೋಡಿ, "ಆಗಲಿ ಸಾರ್" ಎಂದು ಚಪ್ಪಲಿ ಮೆಟ್ಟಿದರು.

ಈಗಿನ ಯುದ್ಧಗಳು ಕಿರಾಣಿ ಅಂಗಡಿಯಿಂದಲೇ ಶುರುವಾಗುತ್ತವೆ. 2022ರ ಮಾರ್ಚಿನಲ್ಲಿ ಸೂರ್ಯಕಾಂತಿ ಎಣ್ಣೆಯ ದರ ದಿನಕ್ಕೊಂದಾಯಿತು. ಆಗ ನಾವು ತರಿಸುತ್ತಿದ್ದ ಆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಉಕ್ರೇನಿನದಾಗಿತ್ತು. ಅಂಗಡಿಯವ ಮನೆಗೆರಡೇ ಪ್ಯಾಕೆಟ್ ಎಂದ, ನಾವು ಗೊಣಗಿದೆವು. ಅದೇ ತಿಂಗಳ ಮೊದಲ ದಿನ ಖಾರ್ಕಿವ್‌ನಲ್ಲಿ ದಿನಸಿ ತರಲು ಹೋದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಸತ್ತಿದ್ದ. ಆ ರಷ್ಯಾ-ಉಕ್ರೇನ್ ಯುದ್ಧದಲ್ಲಿ ನಮ್ಮ ದೇಶ ಯಾರ ಪಕ್ಷವನ್ನೂ ವಹಿಸಲಿಲ್ಲ. ಅದು ಜಾಣತನವೆಂದೇ ನನ್ನ ಲೆಕ್ಕ. ಆದರೂ ಏಜೆಂಟರ ಮಾತು ನಂಬಿ, ಸೆಕ್ಯೂರಿಟಿ ಕೆಲಸವೆಂದುಕೊಂಡು ರಷ್ಯಾಕ್ಕೆ ಹೋದ ಕಲಬುರ್ಗಿಯ ಕೆಲವು ಹುಡುಗರ ಕೈಗೆ ಬಂದೂಕು ಬಂತು. ಮನೆಯವರು ಅಧಿಕಾರಿಗಳ ಬಾಗಿಲು ತಟ್ಟಿ ತಟ್ಟಿ, ಹುಡುಗರು ಊರು ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ. ಹೈಫಾಕ್ಕೆ ಹೋದ ಸವಾರನಿಗೆ ತಾನು ಹೊರಟದ್ದು ಯುದ್ಧಕ್ಕೆ ಎಂಬುದಾದರೂ ಗೊತ್ತಿತ್ತು. ಈ ಹುಡುಗರಿಗೆ ಅಷ್ಟನ್ನೂ ಯಾರೂ ಹೇಳಿರಲಿಲ್ಲ.