ಕೌದಿಯೂ ಅಂಬಲಿಯೂ

ವಿರಾಮವೆಂದರೆ ಕೆಲಸವಿಲ್ಲದಿರುವುದೆಂದು ಹಲವರು ತಿಳಿದಿದ್ದಾರೆ. ದುಡಿಮೆಯ ಭಾರವನ್ನು ಇಳಿಸಿ ಬರಿಗೈಯಲ್ಲಿ ಕುಳಿತವರ ಮುಖವನ್ನು ನೋಡಿದರೆ ಈ ತಿಳಿವಳಿಕೆ ಸಾಲದೆಂಬುದು ಗೊತ್ತಾಗುತ್ತದೆ. ಯಾರ ಅಪ್ಪಣೆಯೂ ಇಲ್ಲದೆ, ಯಾರ ಕೂಲಿಯನ್ನೂ ಬಯಸದೆ, ತಾನಾಗಿ ಒಲಿದು ಮಾಡುವ ಒಂದು ಕೆಲಸವು ಪ್ರತಿಯೊಬ್ಬರ ಕೈಗೂ ಬೇಕು. ಅಂತಹ ಕೆಲಸಗಳೆರಡು ಒಂದೇ ಸೂರಿನಡಿಯಲ್ಲಿ ನಡೆಯುವುದಾದರೆ ಆ ಮನೆಯ ಭಾಗ್ಯಕ್ಕೆ ಎಣೆಯಿಲ್ಲ.

ಯಲಹಂಕ ಉಪನಗರದಲ್ಲಿ ಇಂತಹುದೊಂದು ಮನೆಯುಂಟು. ಯಜಮಾನರು ಬಹುಕಾಲ ಇಂಗ್ಲೆಂಡಿನಲ್ಲಿದ್ದು ಬಂದವರು. ಆ ದೇಶದಲ್ಲಿ 1963ರಿಂದ ಮನೆಯ ಬಳಕೆಗಾಗಿ ಬಿಯರು ತಯಾರಿಸಲು ಲೈಸೆನ್ಸು ಬೇಕಿಲ್ಲ. ಚಳಿಗಾಲದ ದೀರ್ಘ ಸಂಜೆಗಳಲ್ಲಿ ಇವರು ಜವೆಯ ಮೊಳಕೆಯನ್ನು ನೆನೆಯಿಸಿ, ಕಾಯಿಸಿ, ಕಿಣ್ವ ಹಾಕಿ, ಶಾಖವನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕುಡಿಯುವ ಸುಖಕ್ಕಿಂತ ಜಾಡಿಯೊಳಗೆ ನೊರೆ ಏಳುವುದನ್ನು ಕಾದು ನೋಡುವ ಸುಖವೇ ಅವರಿಗೆ ಹೆಚ್ಚಿನದಾಗಿತ್ತು. ಅದೇ ಸಂಜೆಗಳಲ್ಲಿ ಧಾರವಾಡದ ಕಡೆಯವರಾದ ಅವರ ಪತ್ನಿ ಎದುರಿಗೆ ಕುಳಿತು ಕೌದಿ ಹೊಲಿಯುತ್ತಿದ್ದರು.

ಕೌದಿಯೆಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ಸಣ್ಣ ಸಾಲುಹೊಲಿಗೆಯಿಂದ ಬಿಗಿದ ಹೊದಿಕೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಹೆಂಗಸರೂ ಇದನ್ನು ಬಲು ಚೆಲುವಾಗಿ ಹೊಲಿಯುತ್ತಾರೆ. ಅವರು ಅಂಚಿನಿಂದ ಮೊದಲುಮಾಡಿ ಸುತ್ತು ಸುತ್ತಾಗಿ ನಡುವಿಗೆ ಸಾಗುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ 'ಫೂಲ'ಗಳನ್ನಿಡುತ್ತಾರೆ. ಫೂಲವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆಯಂತೆ!

ಊರಿಗೆ ಹಿಂದಿರುಗಿದ ಮೇಲೆ ಹೊಲಿಗೆಗೆ ಯಾವ ಅಡ್ಡಿಯೂ ಬರಲಿಲ್ಲ. ಅಡ್ಡಿ ಬಂದುದು ಜಾಡಿಗೆ. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಅಪರಾಧ. "ಮನೆಯೊಳಗೆ ಮಾಡಿದರೆ ಯಾರಿಗೆ ತಿಳಿಯುತ್ತೆ?" ಎಂದು ಸ್ನೇಹಿತರು ಹುರಿದುಂಬಿಸಿದರು. ಯಜಮಾನರು ಒಪ್ಪಲಿಲ್ಲ, ಬಚ್ಚಿಟ್ಟುಕೊಂಡು ಮಾಡುವುದರಲ್ಲಿ ಹವ್ಯಾಸದ ನಿರಾಳವೆಲ್ಲಿ ಉಳಿಯುತ್ತದೆ? ಗಾಜಿನ ಜಾಡಿಗಳು ಅಟ್ಟ ಸೇರಿದವು. ಅವರೂ ಒಂದು ವಿಧವಾಗಿ ಅಟ್ಟ ಸೇರಿದಂತೆಯೇ ಆದರು.

ಪತ್ನಿಯ ಪೆಟ್ಟಿಗೆಯಲ್ಲಿಯೂ ಹೀಗೆಯೇ ಅಡಗಿದ್ದ ವಸ್ತುವೊಂದಿತ್ತು. ಅದು ಅವರ ತಾಯಿಯ ಇಳಕಲ್ಲ ಸೀರೆ. ಕೆಂಪು ಸೆರಗಿನ ಆ ರೇಶಿಮೆ ಮಡಿಕೆಗಳಲ್ಲಿ ಸೀಳುತ್ತ ಬಂದಿತ್ತು. ಉಡುವ ಹಾಗಿಲ್ಲ, ಕತ್ತರಿಸಲು ಮನಸ್ಸಿಲ್ಲ. ವರ್ಷಕ್ಕೊಮ್ಮೆ ತೆಗೆದು, ಬಿಸಿಲು ತೋರಿಸಿ, ಮತ್ತೆ ಮಡಿಸಿಡುವರು. ಪ್ರತಿಸಲವೂ ಸೀಳು ಒಂದೆರಡು ಹೆಚ್ಚಾಗಿರುತ್ತಿತ್ತು.

2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಯಲಹಂಕಕ್ಕೆ ಸಮೀಪದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ ರಾಗಿಯ ಸಂಶೋಧನೆಗೆ ಹೆಸರಾದುದು. ಜಿಪಿಯು-28 ಎಂಬ ತಳಿ ಅಲ್ಲಿಯದೇ. ಆ ಬಾರಿ ಕೃಷಿಮೇಳಕ್ಕೆ ಹೋಗಿದ್ದ ದಂಪತಿಗಳು ರಾಗಿ ಹಿಟ್ಟು ಕೊಂಡು ತಂದರು. ಪತ್ನಿ ನಗುತ್ತ, "ಏನ್ರೀ, ಹುಳಿಯಾಗೂದೆಲ್ಲಾ ಬಿಯರೇ ಆಗಬೇಕೇನು? ನಿಮ್ಮ ಕಡೆಯ ಅಂಬಲಿ ಏನು ಕಡಿಮೆ?" ಎಂದರು.

ಅಟ್ಟದ ಜಾಡಿಗಳು ಇಳಿದವು, ಕುದಿನೀರಿನಲ್ಲಿ ಮಿಂದವು. ಹಿಟ್ಟನ್ನು ನೀರಿನಲ್ಲಿ ಕದಡಿ, ಮುಚ್ಚಳವನ್ನು ಬಿಗಿಯದೆ ರಾತ್ರಿಯೆಲ್ಲಾ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಹದವಾಗಿ ಹುಳಿಯುತ್ತದೆ; ಧನುರ್ಮಾಸದ ಚಳಿಯಲ್ಲಿ ಇನ್ನೂ ಕೆಲವು ಗಂಟೆ ಬೇಕು. ಬಳಿಕ ಕುದಿವ ನೀರಿಗೆ ಸುರಿದು, ಗಂಟಾಗದಂತೆ ತಿರುವಿ, ಆರಿಸಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಬೇಕು. ಹಾಲು ಹುಳಿಯಾಗುವುದು ಸೂಕ್ಷ್ಮ ಜೀವಿಗಳ ಕೆಲಸವೆಂದು ಪಾಶ್ಚರ್ ಪಂಡಿತನು 1857ರಲ್ಲಿ ತೋರಿಸಿಕೊಟ್ಟನು. ಅವನ ಹೆಸರನ್ನೇ ಕೇಳದ ನಮ್ಮ ಅಜ್ಜಿಯರು ಆ ಜೀವಿಗಳನ್ನು ಮಡಕೆಯಲ್ಲಿ ಸಾಕಿಕೊಂಡಿದ್ದರು. ಶಾಖ ಬರೆಯುವ ಹಳೆಯ ಪುಸ್ತಕದಲ್ಲಿ ಖಾಲಿಯಿದ್ದ ಹಾಳೆಗಳು ಮತ್ತೆ ತುಂಬತೊಡಗಿದವು.

ಕೆಲವು ದಿನಗಳ ಮೇಲೆ ಪತ್ನಿ ಸೀರೆಯನ್ನು ಹೊರತೆಗೆದರು. ಈ ಸಲ ಬಿಸಿಲಿಗೆ ಹರವಲಿಲ್ಲ. ಕತ್ತರಿಯನ್ನು ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತರು. ಯಜಮಾನರು ಮಾತನಾಡದೆ ಸೀರೆಯ ಇನ್ನೊಂದು ತುದಿಯನ್ನು ಎಳೆದು ಹಿಡಿದರು. ಮೊದಲ ಕತ್ತರಿ ಬಿದ್ದಾಗ ಇಬ್ಬರ ಕಣ್ಣೂ ತೇವವಾಗಿತ್ತು. ಗಟ್ಟಿಯಾಗಿದ್ದ ನೂಲಿನ ಒಡಲು ಕೌದಿಯ ಮೈಯಾಯಿತು. ಸೆರಗಿನಲ್ಲಿ ಸೀಳದೆ ಉಳಿದಷ್ಟು ತುಂಡು ನಾಲ್ಕು ಮೂಲೆಗಳ ಫೂಲವಾಯಿತು.

ಹಳೆಯ ಬಟ್ಟೆಯನ್ನಾಗಲಿ ಹಳೆಯ ವಿದ್ಯೆಯನ್ನಾಗಲಿ ಪೆಟ್ಟಿಗೆಯಲ್ಲಿಟ್ಟು ಕಾಯುವವರಿಗೆ ಕಡೆಗೆ ದಕ್ಕುವುದು ನುಸಿ ತಿಂದು ಬಿಟ್ಟಷ್ಟು ಮಾತ್ರ. ರೂಪ ಬದಲಾದರೂ ಚಿಂತೆಯಿಲ್ಲವೆಂದು ಕೈಗೆ ತೆಗೆದುಕೊಂಡವರಿಗೆ ಅದು ಹೊದೆಯಲೂ ಒದಗುತ್ತದೆ, ಕುಡಿಯಲೂ ಒದಗುತ್ತದೆ.