ಖಾಲಿ ಕುರ್ಚಿಗಳ ಕೆಳಗೆ

ಅಮೆರಿಕದ ಕೊಲರಾಡೊದ ಆಸ್ಪೆನ್ ಊರಿಗೆ ಹತ್ತಿರದಲ್ಲೇ ಒಂದು ಸ್ಕೀ ಬೆಟ್ಟವಿದೆ. ಹೆಸರು ಬಟರ್‌ಮಿಲ್ಕ್, ಅಂದರೆ ಮಜ್ಜಿಗೆ. ಆ ಹೆಸರಿಗೇ ನಾನು ಮೊದಲು ಮನಸೋತದ್ದು. ಚಳಿಗಾಲದಲ್ಲಿ ಬೆಳಕು ಹರಿಯುವ ಮುಂಚೆ ಅದರ ಬುಡಕ್ಕೆ ಹೋಗಿ ನಿಂತರೆ ಲಿಫ್ಟಿನ ಖಾಲಿ ಕುರ್ಚಿಗಳು ರಾತ್ರಿಯ ಹಿಮ ಹೊತ್ತು ತಲೆಯ ಮೇಲೆ ತೂಗುತ್ತಿರುತ್ತವೆ. ಇನ್ನೆರಡು ಮೂರು ಗಂಟೆ ಕಾದರೆ ಅವೇ ನನ್ನನ್ನು ಕೆಲವು ನಿಮಿಷಗಳಲ್ಲಿ ತುದಿ ಮುಟ್ಟಿಸುತ್ತವೆ. ಕಾಯುವುದಿಲ್ಲ, ಸ್ಕೀ ಕಟ್ಟಿಕೊಂಡು ನಡೆದೇ ಹತ್ತುತ್ತೇನೆ. ಸುಮಾರು 2,000 ಅಡಿಯ ಏರು. ನನ್ನ ಕಾಲಿಗೆ ಎರಡು ಗಂಟೆಯ ಕೆಲಸ.

ಜಾರಲೆಂದೇ ಮಾಡಿದ ಹಲಗೆಯ ಮೇಲೆ ನಿಂತು ಹತ್ತುವುದು ಹೇಗೆ? ಸ್ಕೀಯ ತಳಕ್ಕೆ 'ಸ್ಕಿನ್' ಎಂಬ ಪಟ್ಟಿ ಅಂಟಿಸುತ್ತಾರೆ. ಹಿಂದೆ ಅದು ನಿಜವಾಗಿಯೂ ಸೀಲ್ ಪ್ರಾಣಿಯ ಚರ್ಮವಾಗಿತ್ತು. ಈಗ ಅಂಗೋರಾ ಮೇಕೆಯ ಕೂದಲು ಅಥವಾ ನೈಲಾನ್. ಕೂದಲೆಲ್ಲ ಹಿಂದಕ್ಕೆ ಬಾಗಿರುತ್ತದೆ. ಚಿಕ್ಕಂದಿನಲ್ಲಿ ಮುಳ್ಳುಹುಲ್ಲಿನ ತೆನೆಯೊಂದನ್ನು ಅಂಗಿಯ ತೋಳಿನೊಳಗೆ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುತ್ತಿದ್ದೆವು. ಕೈ ಆಡಿಸಿದಷ್ಟೂ ಅದು ಮೇಲಕ್ಕೇ ಹರಿಯುತ್ತಿತ್ತು, ಕೆಳಕ್ಕೆ ಇಳಿಯುತ್ತಿರಲಿಲ್ಲ. ಸ್ಕಿನ್ನಿನ ಗುಟ್ಟೂ ಅದೇ. ಬೂಟಿನ ಮುಂತುದಿಯನ್ನಷ್ಟೇ ಎರಡು ಸಣ್ಣ ಮೊಳೆಗಳು ಹಿಡಿದಿರುತ್ತವೆ, ಹಿಮ್ಮಡಿ ಬಿಡುವಾಗಿ ಏಳುತ್ತದೆ. ಈ ಹಗುರ ಹಿಡಿಕೆಯನ್ನು 1980ರ ದಶಕದಲ್ಲಿ ರೂಪಿಸಿದವರು ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್. ಕಾಲೆತ್ತಬಾರದು, ಎಳೆಯಬೇಕು, ಅದು ರೂಢಿಯಾಗಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು.

ಹತ್ತುವಾಗ ನೆನಪಾಗುವವರು ಫ್ರೀಡ್ಲ್ ಫೈಫರ್. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹತ್ತನೆಯ ಪರ್ವತ ಪಡೆಯಲ್ಲಿದ್ದವರು. ಆ ಪಡೆ ಇಲ್ಲಿಂದ ಬಹಳ ದೂರವಲ್ಲದ ಕ್ಯಾಂಪ್ ಹೇಲ್‌ನಲ್ಲಿ, 9,200 ಅಡಿ ಎತ್ತರದಲ್ಲಿ, ಹೊರೆ ಹೊತ್ತು ಹಿಮ ಹತ್ತುವುದನ್ನು ಕಲಿತಿತ್ತು. ಇಟಲಿಯ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡು ಬದುಕಿ ಬಂದ ಫೈಫರ್ 1958ರಲ್ಲಿ ಈ ಬಟರ್‌ಮಿಲ್ಕನ್ನು ತೆರೆದರು, ಹೊಸದಾಗಿ ಕಲಿಯುವವರಿಗಾಗಿ. ಅಷ್ಟು ಏರು ಕಂಡವರು ಬೇರೆಯವರ ಏರನ್ನು ಹಗುರ ಮಾಡಲು ಹೊರಟರು. ಅವರ ಬಗ್ಗೆ ನನಗೆ ಗೌರವವಿದೆ. ಲಿಫ್ಟ್ ಇಲ್ಲದಿದ್ದರೆ ನಾನು ಸ್ಕೀ ಕಲಿಯುತ್ತಲೇ ಇರಲಿಲ್ಲ.

ಆದರೂ ನಡೆಯುವವರಿಗೆ ದಾರಿ ಇರಬೇಕು. ಕೊಲರಾಡೊದ ಬಹುಪಾಲು ಸ್ಕೀ ಬೆಟ್ಟಗಳು ಸರ್ಕಾರಿ ಅರಣ್ಯದ ನೆಲದಲ್ಲಿವೆ, ಅಂದರೆ ಎಲ್ಲರ ನೆಲದಲ್ಲಿ. 2021ರ ಚಳಿಗಾಲದಿಂದ ಇಲ್ಲಿ ಹತ್ತುವವರೂ ಪಾಸು ಕೊಳ್ಳಬೇಕು. ಅದಕ್ಕೆ ಗೊಣಗುವವರ ಜೊತೆ ನಾನಿಲ್ಲ, ಇಲ್ಲಿನ ನಿಯಮಗಳಿಗೂ ಗೊಣಗುವುದಿಲ್ಲ. ರಾತ್ರಿ ಹಿಮ ಸಮ ಮಾಡುವ ಯಂತ್ರಗಳು ಕಡಿದಾದ ಕಡೆ ಉಕ್ಕಿನ ಹಗ್ಗ ಕಟ್ಟಿಕೊಂಡು ಓಡಾಡುತ್ತವೆ. ಹಿಮದಲ್ಲಿ ಹುದುಗಿದ ಹಗ್ಗ ಥಟ್ಟನೆ ಬಿಗಿದು ಎದ್ದರೆ ಎದುರಿದ್ದವರ ಜೀವ ಉಳಿಯುವುದು ಕಷ್ಟ. ಗುರುತು ಹಾಕಿದ ದಾರಿಯ ಅಂಚಿನಲ್ಲೇ ಹತ್ತಬೇಕೆಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ಸುಲಭದ ದಾರಿಯಿದ್ದೂ ನಡೆದೇ ಹತ್ತುವವರಲ್ಲಿ ನಾನು ಮೊದಲಿಗಳಲ್ಲ. ಚಾಮುಂಡಿ ಬೆಟ್ಟಕ್ಕೆ ಬಸ್ಸಿದ್ದರೂ ಅಮ್ಮ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದಳು. ಅಷ್ಟು ಸಲ ಬಗ್ಗಿ ಎದ್ದವಳಿಗೆ ಯಾವ ಕಲ್ಲು ಸವೆದಿದೆ, ಯಾವುದು ವಾಲಿದೆ ಎಂಬುದು ಬೆರಳ ತುದಿಯಲ್ಲಿತ್ತು.

ತುದಿಯಲ್ಲಿ ಸ್ಕಿನ್ ಕಿತ್ತು ಮಡಚಿ, ಅಂಟು ಹೆಪ್ಪುಗಟ್ಟದಂತೆ ಜಾಕೆಟ್ಟಿನೊಳಗೆ ಎದೆಗೆ ಒತ್ತಿ ಇಟ್ಟುಕೊಳ್ಳುತ್ತೇನೆ. ಹಿಮ್ಮಡಿಗೆ ಬೀಗ ಬೀಳುತ್ತದೆ. ಇಳಿಯುವುದು ನಾಲ್ಕೈದು ನಿಮಿಷ ಅಷ್ಟೇ. ಉಸಿರು ಕಟ್ಟಿ ಊರುಗೋಲಿಗೆ ಒರಗಿದ್ದ ತಿರುವು, ಕಾಲು ಜಾರಿದ್ದ ಮಂಜುಗಡ್ಡೆಯ ತೇಪೆ, ಬಿಸಿನೀರು ಕುಡಿಯಲೆಂದು ನಿಂತಾಗ ಮೊದಲ ಬಿಸಿಲು ತಾಗಿದ್ದ ಬಿಳಿ ತೊಗಟೆಯ ಮರಗಳು ಒಂದೊಂದಾಗಿ ಎದುರಾಗಿ ಹಿಂದೆ ಸರಿಯುತ್ತವೆ, ಪ್ರತಿಯೊಂದನ್ನೂ ಮೀನಖಂಡ ಗುರುತು ಹಿಡಿಯುತ್ತದೆ.