ಚಳಿಗಾಲದ ನೆಂಟರನ್ನು ನೋಡೋಣ ಬನ್ನಿ

ಕಾರವಾರ, ಕುಮಟಾ ಕಡೆಯ ಹೆಣ್ಣುಮಕ್ಕಳು ಪುಣ್ಯವಂತರು. ಗಾಳಿಮರದ ತೋಪಿನ ನೆರಳಲ್ಲಿ ನಡೆದು ಸಮುದ್ರದ ದಂಡೆಗೆ ಹೋಗಿ ಹಕ್ಕಿ ನೋಡಬಹುದು. ‘ನಮ್ಮ ಹಾವೇರಿ ಜಿಲ್ಲಾದಾಗ ಏನೈತ್ರಿ ಮಣ್ಣು’ ಎಂದು ನೀವು ಮೂಗು ಮುರಿಯಬೇಡಿ. ಸಮುದ್ರವಿಲ್ಲ, ನಿಜ. ಆದರೆ ರಾಣೇಬೆನ್ನೂರಿಗೆ ಕುರುಚಲು ಕಾಡಿದೆ, ಹಾವೇರಿಯ ಮಗ್ಗುಲಲ್ಲೇ ಹೆಗ್ಗೇರಿ ಕೆರೆಯಿದೆ. ಬೆಳಗಿನ ಜಾವ ಹೊರಟರೆ ಎರಡನ್ನೂ ನೋಡಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. 2023ರ ಜೂನ್‌ನಿಂದ ನಮಗೆ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೇಟಿನ ದುಡ್ಡೂ ಇಲ್ಲವಲ್ಲ! ಗುರುತಿನ ಚೀಟಿ ಮಾತ್ರ ಮರೆಯಬೇಡಿ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಎರಡು ಉಳ್ಳಾಗಡ್ಡಿ ಸಾಕು. ಹಿಂದಿನ ದಿನವೇ ಕಟ್ಟಿಡಿ. ಕಣ್ಣು ಕುಕ್ಕುವ ಬಣ್ಣದ ಸೀರೆ ಬೇಡ, ಮಣ್ಣಿನ ಬಣ್ಣದ ಹಳೆಯದೊಂದು ಇದ್ದೇ ಇರುತ್ತದೆ. ಗೆಜ್ಜೆ ಮನೆಯಲ್ಲೇ ಇರಲಿ. ದುರ್ಬೀನು ಇಲ್ಲವೆಂದು ಕೊರಗಬೇಡಿ. ಸುಮ್ಮನೆ ಒಂದು ಕಡೆ ಕೂತವರ ಹತ್ತಿರ ಹಕ್ಕಿಯೇ ಬರುತ್ತದೆ.

ಮೊದಲು ರಾಣೇಬೆನ್ನೂರು. ಊರ ಹೊರಗಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು. 119 ಚದರ ಕಿಲೋಮೀಟರ್ ವಿಸ್ತಾರ. ಅರಣ್ಯ ಇಲಾಖೆಯವರ ಅಪ್ಪಣೆ ಪಡೆದೇ ಒಳಗೆ ಹೋಗಬೇಕು. ನಾವು ಚಿಗರಿ ಎನ್ನುವ ಕೃಷ್ಣಮೃಗಗಳು ಈಗ ಸಾವಿರಾರು ಇವೆ. ಮಂಜು ಆರುವ ಮುಂಚೆ ಹೋದರೆ ಗೌಜಲಕ್ಕಿಗಳು ಕಾಲ ಬುಡದಿಂದಲೇ ಬುರ್ರನೆ ಎದ್ದು ನಿಮ್ಮನ್ನು ಹೆದರಿಸುತ್ತವೆ. ಟಿಟ್ಟಿಭವಂತೂ ನಿಮ್ಮನ್ನು ಕಂಡ ಕೂಡಲೇ ಓಣಿಯ ಅಜ್ಜಿಯಂತೆ ಊರಿಗೆಲ್ಲ ಸುದ್ದಿ ಸಾರುತ್ತದೆ. ನವಿಲುಗಳೂ ಇವೆ.

ಆದರೆ ಇಲ್ಲಿ ಒಬ್ಬರು ಇಲ್ಲ. ಅದನ್ನು ಹೇಳಬೇಕೆಂದೇ ನಿಮ್ಮನ್ನು ಇಷ್ಟು ದೂರ ಕರೆತಂದೆ.

ನಿಮ್ಮ ಮನೆಯ ಹಿರಿಯರನ್ನು ‘ಎರೆಭೂತ ನೋಡೀರೇನು’ ಎಂದು ಕೇಳಿ. ನನ್ನ ಅತ್ತೆಯವರು ಕೈಯನ್ನು ಸೊಂಟದ ಮೇಲಕ್ಕೆ ಹಿಡಿದು ‘ಇಷ್ಟೆತ್ತರ ಇತ್ತವ್ವಾ, ಹೊಲದಾಗ ಗೌಡರಂಗ ನಡೀತಿತ್ತು’ ಎನ್ನುತ್ತಿದ್ದರು. ಬರೀ ಬಾಯಿಮಾತಲ್ಲ. ಅದು ಒಂದು ಮೀಟರಿನಷ್ಟು ಎತ್ತರದ ಹಕ್ಕಿ. ಗಂಡು ಹದಿನೈದು ಕಿಲೋವರೆಗೂ ತೂಗುತ್ತದೆ, ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಇದೂ ಒಂದು. ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನೇ ನಮ್ಮ ರಾಷ್ಟ್ರಪಕ್ಷಿ ಮಾಡಬೇಕು ಎಂದಿದ್ದರು. 1963ರಲ್ಲಿ ಆ ಮರ್ಯಾದೆ ನವಿಲಿಗೆ ಸಂದಿತು. ಅಭಯಾರಣ್ಯವಾದ ಮೇಲೂ ಕೆಲವು ವರ್ಷ ಎರೆಭೂತ ಇಲ್ಲಿ ಕಾಣುತ್ತಿತ್ತು. ಈಗ ಇಲ್ಲ.

ಯಾಕೆ ಹೋಯಿತು? ಬೇಟೆ ಇತ್ತು, ಸುತ್ತಲಿನ ಹುಲ್ಲುಗಾವಲು ಉಳುಮೆಯ ಹೊಲವಾಯಿತು. ಜೊತೆಗೆ ‘ಬಯಲು ಬರಿದಾಗಿ ಬಿದ್ದಿದೆ’ ಎಂದು ನೀಲಗಿರಿ ನೆಟ್ಟರು. ನೆಟ್ಟವರ ಮನಸ್ಸು ಒಳ್ಳೆಯದೇ ಇದ್ದೀತು. ಗಿಡ ನೆಡುವುದು ಪುಣ್ಯದ ಕೆಲಸವೆಂದೇ ನಾವೆಲ್ಲ ಮಕ್ಕಳಿಗೆ ಕಲಿಸುವುದು. ಆದರೆ ಎರೆಭೂತಕ್ಕೆ ಬೇಕಾದದ್ದು ಕಣ್ಣು ಹಾಯುವಷ್ಟು ದೂರ ತೆರೆದ ಹುಲ್ಲುಬಯಲು. ಗೂಡು ಕಟ್ಟುವುದಿಲ್ಲ, ಬರಿನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ನರಿ, ತೋಳ ಬರುವುದು ದೂರದಿಂದಲೇ ಕಾಣಬೇಡವೇ? ನಮಗೆ ಬೋಳು ಎನಿಸಿದ್ದು ಅದಕ್ಕೆ ತುಂಬಿದ ಮನೆಯಾಗಿತ್ತು. ಈಗ ದೇಶದಲ್ಲೆಲ್ಲ ಸೇರಿ ನೂರೈವತ್ತಕ್ಕಿಂತ ಕಡಿಮೆ ಉಳಿದಿವೆ, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಅವಕ್ಕೂ ವಿದ್ಯುತ್ ತಂತಿಯ ಕಾಟ: ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ನೇರ ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲ, ಭಾರದ ಮೈ ಥಟ್ಟನೆ ತಿರುಗುವುದೂ ಇಲ್ಲ.

ನೀಲಗಿರಿಯ ಸಾಲಿನೊಳಗೆ ಹತ್ತು ನಿಮಿಷ ನಿಂತು ನೋಡಿ, ಆಮೇಲೆ ಹುಲ್ಲಿನ ಬಯಲಿಗೆ ಬಂದು ಹತ್ತು ನಿಮಿಷ ನಿಲ್ಲಿ. ಎಲ್ಲಿ ಹೆಚ್ಚು ಹಕ್ಕಿಗಳ ದನಿ ಕೇಳಿತು ಎಂಬುದನ್ನು ನಾನು ಹೇಳುವುದಿಲ್ಲ, ನೀವೇ ಹೇಳಿ.

ಬಿಸಿಲೇರಿದ ಮೇಲೆ ಹಾವೇರಿಯ ಬಸ್ಸು ಹಿಡಿಯಿರಿ. ದಾರಿಯಲ್ಲಿ ಮೋಟೆಬೆನ್ನೂರಿನಲ್ಲಿ ಇಳಿದರೆ ಬ್ಯಾಡಗಿ ಹತ್ತಿರ. ಸಂಕ್ರಾಂತಿಯ ಸುಮಾರಿಗೆ ಅಲ್ಲಿಯ ಪೇಟೆಯೆಲ್ಲ ಮೆಣಸಿನಕಾಯಿಯ ಕೆಂಪು. ವರ್ಷದ ಖಾರದಪುಡಿಗೆ ಬೇಕಾದಷ್ಟು ಕೊಂಡುಕೊಳ್ಳಿ. ನೆರಿಗೆ ಬಿದ್ದ ಸಿಪ್ಪೆಯದು ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಹೊತ್ತು ಕಳೆಯಬೇಡಿ, ನಾಲ್ಕು ಗಂಟೆಯೊಳಗೆ ಹೆಗ್ಗೇರಿಯ ದಂಡೆಯಲ್ಲಿರಬೇಕು.

ಹೆಗ್ಗೇರಿಯ ಹೆಸರೇ ಹೇಳುವಂತೆ ದೊಡ್ಡ ಕೆರೆ. ನಮ್ಮ ಪಾಲಿನ ಸಮುದ್ರ ಎನ್ನಿ. ಹಣೆಗೆ ಬಿಳಿ ನಾಮ ಹಾಕಿಕೊಂಡ ಕಪ್ಪು ನಾಮದ ಕೋಳಿ, ನೀರಲ್ಲಿ ಮುಳುಗಿ ಎಲ್ಲೋ ಏಳುವ ಗುಳುಮುಳುಕ, ರೆಕ್ಕೆ ಅಗಲಿಸಿ ಸೀರೆ ಒಣಹಾಕಿದಂತೆ ನಿಲ್ಲುವ ನೀರುಕಾಗೆ, ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ. ದಂಡೆಯ ಹಸಿ ಮಣ್ಣಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಸಿಪಿಲೆಗಳಲ್ಲಿ ಕೆಲವು ಹಿಮಾಲಯದ ಆಚೆಯಿಂದ ಬಂದವು. ದೊಡ್ಡ ಕ್ಯಾಮೆರಾ ಹೊತ್ತ ಕೆಲವರು ಚಿತ್ರಕ್ಕಾಗಿ ಹಿಂಡನ್ನೇ ಎಬ್ಬಿಸುತ್ತಾರೆ. ನನಗೆ ಅದು ಸೇರುವುದಿಲ್ಲ. ಸಾವಿರಾರು ಮೈಲಿ ಹಾರಿ ದಣಿದು ಬಂದ ನೆಂಟರನ್ನು ಊಟದ ಎಲೆಯಿಂದ ಎಬ್ಬಿಸುತ್ತೇವೆಯೇ?

ಇನ್ನೊಂದು ದಿನ ಬಿಡುವಾದರೆ ಲಕ್ಷ್ಮೇಶ್ವರದ ಮೇಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ಅದಕ್ಕೆ ರಾಮ್‌ಸರ್ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ. ರಾತ್ರಿ ಸುತ್ತಲಿನ ಬಯಲ ಹೊಲಗಳಲ್ಲಿ ಮೇವು, ಶೇಂಗಾದ ಹೊಲವೂ ಅದರಲ್ಲಿ ಸೇರಿದೆ. ಕೆರೆ ಒಂದಿದ್ದು ಬಯಲಿಲ್ಲದಿದ್ದರೆ ಅವು ಅಲ್ಲಿ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಹೊಲದಿಂದ ಗಲಗಲ ಎನ್ನುತ್ತಾ ಸಾಲುಸಾಲಾಗಿ ಕೆರೆಗೆ ಮರಳುವುದನ್ನು ನೋಡಬೇಕು. ಶಿವರಾತ್ರಿಯೊಳಗೆ ಹೋಗಿ ಬನ್ನಿ, ಬಿಸಿಲು ಬಲಿತರೆ ಅವು ಹೊರಟುಬಿಡುತ್ತವೆ.